ಕಕ್ಕಡ ತಿಂಗಳ ಮಳೆ ಬಗ್ಗೆ ಹಿರಿಯರು ಹೇಳೋದನ್ನ ಮಳೆ ಡೇಟಾ ಜೊತೆ ಸೇರಿಸೋದು ಹೇಗೆ?

ಕಕ್ಕಬ್ಬೆಯವಳು:

ಎಲ್ರಿಗೂ ನಮಸ್ಕಾರ. ನಾನು ಪರಿಸರ ವಿಜ್ಞಾನ ಎಂ.ಎಸ್ಸಿ. ಎರಡನೇ ವರ್ಷ, ಊರು ಕೊಡಗಿನ ಕಕ್ಕಬ್ಬೆ. ನಮ್ಮ ಕಡೆ ಮಳೆ ಹೇಗೆ ಬದಲಾಗಿದೆ, ಅದಕ್ಕೆ ತಕ್ಕ ಹಾಗೆ ಜನ ಗದ್ದೆ ತೋಟ ಕಾಡಿನ ಕೆಲಸ ಹೇಗೆ ಬದಲಾಯಿಸ್ಕೊಂಡಿದಾರೆ ಅನ್ನೋದು ನನ್ನ ಪ್ರಾಜೆಕ್ಟ್. ಕೈಲಿ ಮೂರು ಥರದ ಸಾಮಗ್ರಿ ಇದೆ, ಮೂರೂ ಒಂದಕ್ಕೊಂದು ತಾಳೆ ಆಗ್ತಿಲ್ಲ, ಅದಕ್ಕೇ ಇಲ್ಲಿ ಕೇಳ್ತಿದೀನಿ.

ಒಂದು, ಹವಾಮಾನ ಇಲಾಖೆಯ ಗ್ರಿಡ್ ಡೇಟಾ, ಅಂದ್ರೆ ನಕ್ಷೆನ ಚೌಕ ಚೌಕ ಮಾಡಿ ಒಂದೊಂದು ಚೌಕಕ್ಕೆ ಕೊಡೋ ಸರಾಸರಿ, 1901ರಿಂದ ದಿನದಿನದ ಮಳೆ. ಜೂನ್‌ನಿಂದ ಸೆಪ್ಟೆಂಬರ್ ಒಟ್ಟು ಮಳೆ ಹಾಕಿ ನೋಡಿದೆ, ಒಂದು ವರ್ಷ ಮೇಲೆ ಒಂದು ವರ್ಷ ಕೆಳಗೆ, ಇಂಥದ್ದೇ ಅಂತ ಹೇಳೋ ಹಾಗಿಲ್ಲ. ಎರಡು, ನಮ್ಮ ತೋಟದ ಮಳೆ ಪುಸ್ತಕ, ಅಜ್ಜ ಬರೀತಿದ್ದಿದ್ದು, ಆಮೇಲೆ ತೋಟದ ಲೆಕ್ಕ ಬರೆಯೋ ರೈಟರ್, ಈಗ ಚಿಕ್ಕಪ್ಪ. ಅದರಲ್ಲಿ ಬರೀ ಅಂಕಿ ಅಲ್ಲ, ಪಕ್ಕದಲ್ಲಿ ಏನೇನೋ ಇದೆ. ಒಂದು ಪುಟ ಹಾಗೇ ಟೈಪ್ ಮಾಡ್ತೀನಿ ನೋಡಿ: "ಜುಲೈ 9, 4.15, ಕೊಲ್ಲಿ ತುಂಬಿದೆ, ನಾಟಿ ನಿಲ್ಸಿದೆ. ಜುಲೈ 10, 3.80, ಬರೆ ಮೇಲೆ ಹೊಸ ಊಟೆ ಒಡೆದಿದೆ, ನೀರು ಕೆಂಪು. ಜುಲೈ 14, 0.20, ಬಿಸಿಲು, ಕಣಿಲೆ ತಂದ್ರು." ಹೀಗೇ ಪುಟಗಟ್ಲೆ. (ನಮ್ಮ ಕಡೆ ಕೊಲ್ಲಿ ಅಂದ್ರೆ ತೊರೆ, ಬರೆ ಅಂದ್ರೆ ಕಡಿದಾದ ಇಳಿಜಾರು, ಊಟೆ ಅಂದ್ರೆ ನೆಲದಿಂದ ಉಕ್ಕೋ ನೀರು, ಕಣಿಲೆ ಅಂದ್ರೆ ಎಳೆ ಬಿದಿರು.)

ಮೂರನೇದು ಹಿರಿಯರ ಮಾತು, ಫೋನಲ್ಲಿ ರೆಕಾರ್ಡ್ ಮಾಡ್ಕೊಂಡಿದೀನಿ. ನಮ್ಮ ಒಕ್ಕದವರದ್ದು ಅಂದ್ರೆ ಕುಲದ ಮನೆಯವರದ್ದು, ಪಕ್ಕದೂರಿನವರದ್ದು, ಮತ್ತೆ ತಡಿಯಂಡಮೋಳ್ ಬುಡದಲ್ಲಿರೋ ಕುಡಿಯ ಸಮುದಾಯದ ಮನೆಗಳವರದ್ದು. ಎಲ್ಲರ ಬಾಯಲ್ಲೂ ಹೆಚ್ಚುಕಮ್ಮಿ ಒಂದೇ ಮಾತು. ಮೊದಲೆಲ್ಲ ಕಕ್ಕಡದಲ್ಲಿ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದ ಕೊಡವ ತಿಂಗಳು) ಮಳೆ ಹಿಡಿದ್ರೆ ಬಿಡ್ತಿರ್ಲಿಲ್ಲ, ಹಗಲೂ ರಾತ್ರಿ ಒಂದೇ ಹದಕ್ಕೆ ಸುರೀತಾನೇ ಇರ್ತಿತ್ತು, ಒಲೆ ಮೇಲೆ ಕಟ್ಟಿದ ಬಟ್ಟೆನೂ ಒಣಗ್ತಿರ್ಲಿಲ್ಲ, ಈಗ ಎರಡು ದಿನ ಹುಚ್ಚು ಮಳೆ ಆಮೇಲೆ ಎಂಟು ದಿನ ಬಿಸಿಲು, ಇದೇನು ಕಕ್ಕಡನಾ ಅಂತ.

ನನ್ನ ಗೈಡ್ ಹೇಳೋದು, ಜನರ ಮಾತು ಡೇಟಾ ಅಲ್ಲ, ಪೀಠಿಕೆಯಲ್ಲಿ ಒಂದು ಪ್ಯಾರಾ ಹಾಕಿ ಬಿಟ್ಬಿಡು, ಗ್ರಾಫ್ ಜೊತೆ ಕಲಸ್ಬೇಡ ಅಂತ. ನಂಗೆ ಅದು ಒಪ್ಪಿಗೆ ಆಗ್ತಿಲ್ಲ. ಗದ್ದೆ ಮಾಡೋವ್ರು, ಜೇನು ತೆಗೆಯೋವ್ರು, ಬೈನೆ ಮರ ಹತ್ತೋವ್ರು ಇಷ್ಟು ವರ್ಷ ಮಳೆ ನೋಡ್ಕೊಂಡೇ ಬದುಕಿದಾರಲ್ಲ, ಅವರ ನೋಟಕ್ಕೆ ಒಂದು ಪ್ಯಾರಾ ಸಾಕಾ? ಎರಡನ್ನೂ ಸರಿಯಾಗಿ ಜೋಡಿಸೋ ದಾರಿ ಗೊತ್ತಿರೋರು ಹೇಳಿ. ಇನ್ನೊಂದು, ಕುಡಿಯರ ಅಜ್ಜಿ ಒಬ್ರು ಜೇನು ಕೂರೋ ಮರಗಳು, ಮದ್ದಿನ ಸೊಪ್ಪು ಸಿಗೋ ಜಾಗ ಎಲ್ಲ ಜೊತೇಲಿ ಬಂದು ತೋರಿಸಿದಾರೆ. ಅದನ್ನ ಮ್ಯಾಪಲ್ಲಿ ಹಾಕ್ಬಹುದಾ?

ಸುಂಟಿಕೊಪ್ಪ ತೋಟದವ:

ತಂಗಿ, ಮೊದಲು ಆ ಪುಸ್ತಕದ ಎಲ್ಲ ಪುಟದ ಫೋಟೋ ತೆಗೆದಿಟ್ಕೋ, ಗೆದ್ದಲು ಬಿಡಲ್ಲ ನಮ್ಮ ಕಡೆ. ಆಮೇಲೆ ಬೇರೆ ಮಾತು.

ತೋಟದ ಮಳೆ ಪುಸ್ತಕ ಕೊಡಗಿನ ದೊಡ್ಡ ಆಸ್ತಿ, ಆದ್ರೆ ಅದನ್ನ ಹಾಗೇ ಕಂಪ್ಯೂಟರಿಗೆ ಹಾಕಿದ್ರೆ ಕೈಕೊಡುತ್ತೆ. ನಾವು ಬರೆಯೋದು ಇಂಚು-ಸೆಂಟ್ ಲೆಕ್ಕ, 100 ಸೆಂಟಿಗೆ ಒಂದು ಇಂಚು, ಅಂದ್ರೆ 25.4 ಮಿಲಿಮೀಟರ್. ಇದು ಸುಲಭ. ಕಷ್ಟ ಇರೋದು ತಾರೀಕಲ್ಲಿ. ಹವಾಮಾನ ಇಲಾಖೆಯವರು ಬೆಳಿಗ್ಗೆ 8.30ಕ್ಕೆ ಅಳೆದು ಹಿಂದಿನ 24 ಗಂಟೆಯ ಮಳೆನ ಅದೇ ದಿನದ ತಾರೀಕಿಗೆ ಬರೀತಾರೆ, ತೋಟಗಳಲ್ಲಿ ಬಹಳ ಜನ ಬೆಳಿಗ್ಗೆ ಅಳೆದದ್ದನ್ನ "ನೆನ್ನೆ ಮಳೆ" ಅಂತ ಹಿಂದಿನ ದಿನಕ್ಕೆ ಹಾಕ್ತಾರೆ. ವರ್ಷದ ಒಟ್ಟು ಲೆಕ್ಕಕ್ಕೆ ಏನೂ ಆಗಲ್ಲ, ಆದ್ರೆ ದಿನ ದಿನ ಹೋಲಿಸೋಕೆ ಹೋದ್ರೆ ಎರಡೂ ಒಂದು ದಿನ ಹಿಂದೆಮುಂದೆ ಆಗಿ ಯಾವುದೂ ಕೂಡಲ್ಲ. ಅಜ್ಜ ಒಂದು ಥರ, ರೈಟರ್ ಇನ್ನೊಂದು ಥರ ಬರೆದಿರ್ಬಹುದು, ಕೈಬರಹ ಬದಲಾಗೋ ಜಾಗದಲ್ಲೆಲ್ಲ ಚೆಕ್ ಮಾಡು.

ಇನ್ನು ಮಳೆ ಹಿಡಿಯೋ ಡಬ್ಬಿ ಮತ್ತೆ ಅಳೆಯೋ ಗ್ಲಾಸು. ಹಳೇ ಡಬ್ಬಿ 5 ಇಂಚು ಬಾಯಿದು, ಈಗಿನ ಫೈಬರ್ ಡಬ್ಬಿಗಳಲ್ಲಿ 100 ಚದರ ಸೆಂಟಿಮೀಟರ್ ಬಾಯಿದೂ ಇದೆ 200ರದ್ದೂ ಇದೆ, ಒಂದೊಂದಕ್ಕೂ ಅದರದ್ದೇ ಗ್ಲಾಸು. 200ರ ಡಬ್ಬಿ ನೀರನ್ನ 100ರ ಗ್ಲಾಸಲ್ಲಿ ಅಳೆದ್ರೆ ಮಳೆ ಡಬಲ್ ಕಾಣುತ್ತೆ. ಗ್ಲಾಸ್ ಒಡೆದು ಪಕ್ಕದ ತೋಟದಿಂದ ತಂದಿರೋ ಕಡೆ ಎಲ್ಲ ಹೀಗೆ ಆಗೋ ಸಾಧ್ಯತೆ ಇದೆ. ಡಬ್ಬಿ ಮೇಲೆ ಮರ ಬೆಳೆದು ಕೊಂಬೆ ಚಾಚಿದ್ಯಾ, ಡಬ್ಬಿ ಜಾಗ ಬದಲಾಗಿದ್ಯಾ, ಅದನ್ನೂ ಮನೆಯವರ ಹತ್ರ ಕೇಳು. ಖಾಲಿ ಬಿಟ್ಟ ದಿನ ಮಳೆ ಇರ್ಲಿಲ್ವಾ ಅಥವಾ ಅಳೆಯೋರು ಇರ್ಲಿಲ್ವಾ ಅನ್ನೋದು ಬೇರೆ ಬೇರೆ. ಪುತ್ತರಿ ಸುಗ್ಗಿ ಹಬ್ಬ, ಮದುವೆ ಮನೆ, ಊರ ಹಬ್ಬದ ದಿನಗಳಲ್ಲಿ ಖಾಲಿ ಇದ್ರೆ ಅದನ್ನ ಸೊನ್ನೆ ಅಂತ ತಗೋಬೇಡ.

ಪಕ್ಕದಲ್ಲಿ ಬರೆದಿರೋ ಮಾತು ಒಂದನ್ನೂ ಬಿಡ್ಬೇಡ. ಕಾಫಿ ಹೂ ಅರಳಿಸೋ ಹೂ ಮಳೆ ಯಾವತ್ತು ಬಂತು, ಎಷ್ಟು ಬಂತು, ಹೂ ಯಾವತ್ತು ಅರಳ್ತು, ಹೂ ಆದಮೇಲೆ ಬೇಕಾದ ಎರಡನೇ ಮಳೆ, ಅಂದ್ರೆ ಬ್ಯಾಕಿಂಗ್ ಮಳೆ ಸಿಕ್ತಾ, ಸ್ಪ್ರಿಂಕ್ಲರ್ ಯಾವ ವರ್ಷದಿಂದ ಹಾಕಿದ್ರು, ಇದೆಲ್ಲ ಯಾವ ಇಲಾಖೆ ಡೇಟಾದಲ್ಲೂ ಸಿಗಲ್ಲ. ಫೆಬ್ರವರಿ ಮಾರ್ಚಲ್ಲಿ ಒಂದು ಇಂಚು ಬಿದ್ರೆ ಏಳೆಂಟು ದಿನಕ್ಕೆ ರೊಬಸ್ಟಾ ಕಾಫಿ ಹೂವಾಗುತ್ತೆ, ಆ ಒಂದು ಇಂಚಿನ ಮೇಲೆ ಇಡೀ ವರ್ಷದ ಬದುಕು ನಿಂತಿರೋದ್ರಿಂದ ಪ್ಲಾಂಟರ್ ಆ ದಿನ ತಪ್ಪು ಬರೆಯಲ್ಲ.

ಮೋಡಲೆಕ್ಕ:

ಒಳ್ಳೆ ಪ್ರಶ್ನೆ ಇದು. ನಾನು ಮಳೆ ಡೇಟಾ ಮೇಲೆ ಕೆಲಸ ಮಾಡೋನು, ಮೂಲ ಸೋಮವಾರಪೇಟೆ.

ಮೊದಲು ಗ್ರಿಡ್ ವಿಷಯ. ಅದು 0.25 ಡಿಗ್ರಿ ಚೌಕ, ಅಂದ್ರೆ ಒಂದು ಕಡೆಗೆ ಸುಮಾರು 27 ಕಿಲೋಮೀಟರ್, ಇಡೀ ಕೊಡಗಿಗೆ ಐದಾರು ಚೌಕ ಅಷ್ಟೆ. ಭಾಗಮಂಡಲದ ಕಡೆ 200 ಇಂಚು ದಾಟುತ್ತೆ, ಕುಶಾಲನಗರದ ಕಡೆ 40 ಇಂಚಿನ ಆಸುಪಾಸು. ಘಟ್ಟದ ಅಂಚಿಂದ ಪೂರ್ವಕ್ಕೆ ಬರ್ತಾ ಬರ್ತಾ ಇಷ್ಟು ಬೇಗ ಮಳೆ ಇಳಿಯೋ ಜಾಗದಲ್ಲಿ ಅಂಥ ಚೌಕದ ಸರಾಸರಿ ಯಾರ ಮನೆ ಅಂಗಳದ ಮಳೆನೂ ಅಲ್ಲ. ಹಾಗಾಗಿ ನಿಮ್ಮ ಅಜ್ಜನ ಮಾತು ಗ್ರಿಡ್ ಜೊತೆ ಕೂಡ್ಲಿಲ್ಲ ಅಂದ್ರೆ ಅಜ್ಜ ತಪ್ಪು ಅಂತ ಅಲ್ಲ, ಎರಡೂ ಬೇರೆ ಬೇರೆ ಜಾಗದ ಮಾತು.

ಅದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಕೆನಡಾದ ಉತ್ತರಕ್ಕೆ ನುನಾವುಟ್‌ನಲ್ಲಿ ಬೇಕರ್ ಲೇಕ್ ಅಂತ ಇನ್ಯುಯಿಟ್ ಜನರ ಊರಿದೆ. ಅಲ್ಲಿನ ಹಿರಿಯರು ಹವಾಮಾನ ಈಗ ನಂಬೋ ಹಾಗಿಲ್ಲ, ದಿಢೀರ್ ಅಂತ ತಿರುಗುತ್ತೆ, ನಾವು ಕಲಿತ ಲಕ್ಷಣ ನೋಡಿ ನಾಳೆ ಹೀಗೇ ಅಂತ ಹೇಳೋಕೆ ಆಗ್ತಿಲ್ಲ ಅಂತಿದ್ರು. ಹವಾಮಾನ ಕೇಂದ್ರದ ಸರಾಸರಿ ಉಷ್ಣತೆ ನೋಡಿದ್ರೆ ಆ ಮಾತು ಎಲ್ಲೂ ಕಾಣ್ತಿರ್ಲಿಲ್ಲ. ಆಮೇಲೆ ಸಂಶೋಧಕರು ಲೆಕ್ಕದ ದಾರಿಯನ್ನೇ ಬದಲಾಯಿಸಿದ್ರು, ಸರಾಸರಿ ಬಿಟ್ಟು ಇವತ್ತಿನ ಹವೆ ನಾಳೆಗೆ ಎಷ್ಟರ ಮಟ್ಟಿಗೆ ಮುಂದುವರಿಯುತ್ತೆ ಅನ್ನೋದನ್ನ ಲೆಕ್ಕ ಹಾಕಿದ್ರು, ಆಗ ವಸಂತ ಕಾಲದಲ್ಲಿ ಆ ಮುಂದುವರಿಕೆ ಕಮ್ಮಿ ಆಗಿರೋದು ಅದೇ ಹಳೇ ಅಂಕಿಗಳಲ್ಲೇ ಸಿಕ್ತು. 2010ರಲ್ಲಿ ಪ್ರಕಟ ಆಯ್ತು. ಅಂಕಿ ಅದೇ, ಕೇಳಿದ ಪ್ರಶ್ನೆ ಬೇರೆ, ಆ ಪ್ರಶ್ನೆ ಕೊಟ್ಟಿದ್ದು ಊರಿನ ಹಿರಿಯರು.

ನಿಮ್ಮ ಹಿರಿಯರೂ ಹಾಗೇ ಒಂದು ಪ್ರಶ್ನೆ ಕೊಟ್ಟಿದಾರೆ, ಸರಿಯಾಗಿ ಕೇಳಿಸ್ಕೊಳ್ಳಿ. ಮಳೆ ಕಮ್ಮಿ ಆಗಿದೆ ಅಂತ ಅವ್ರು ಹೇಳೇ ಇಲ್ಲ. ಮಳೆ ಬೀಳೋ ರೀತಿ ಬದಲಾಗಿದೆ ಅಂತಿದಾರೆ. ನೀವು ಒಟ್ಟು ಮಳೆ ಹಾಕಿದ್ರಿ, ಅದರಲ್ಲಿ ರೀತಿ ಎಲ್ಲಿಂದ ಕಾಣ್ಬೇಕು. ಒಂದು ತಿಂಗಳಲ್ಲಿ 40 ಇಂಚು ಮಳೆ 28 ದಿನಕ್ಕೆ ಹಂಚಿ ಬಿದ್ರೂ 40, ಆರು ದಿನದಲ್ಲಿ ಬಿದ್ರೂ 40. ಅದಕ್ಕೆ ಪ್ರತಿ ವರ್ಷದ ಕಕ್ಕಡಕ್ಕೆ, ಅಂದ್ರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯ, ಮಳೆ ಬಿದ್ದ ದಿನ ಎಷ್ಟು, ಬಿಡದೆ ಬಂದ ಮಳೆಯ ಅತಿ ಉದ್ದದ ಸರಣಿ ಎಷ್ಟು ದಿನ, ನಡುವೆ ಬಿಸಿಲಿನ ಬಿಡುವು ಎಷ್ಟು ದಿನ, ತಿಂಗಳ ಮಳೆಯಲ್ಲಿ ಅತಿ ಜೋರಿನ ಮೂರು ದಿನದ ಪಾಲೆಷ್ಟು, ಇದನ್ನ ತೆಗೀರಿ. ಮುಖ್ಯವಾಗಿ ತೋಟದ ಪುಸ್ತಕದಿಂದ ತೆಗೀರಿ, ಗ್ರಿಡ್ ಆಮೇಲೆ. ಗಂಟೆ ಲೆಕ್ಕದ ಜೋರು ಬೇಕಾದ್ರೆ ರಾಜ್ಯದ ವಿಪತ್ತು ನಿರ್ವಹಣಾ ಉಸ್ತುವಾರಿ ಕೇಂದ್ರದ ಮಳೆ ಮಾಪಕಗಳು ಪಂಚಾಯ್ತಿ ಪಂಚಾಯ್ತಿಗೂ ಇದಾವೆ, 15 ನಿಮಿಷಕ್ಕೊಂದು ಸಲ ಕಳಿಸುತ್ತೆ, ಆದ್ರೆ ಅದು ಇತ್ತೀಚಿನ ವರ್ಷಗಳದ್ದು ಮಾತ್ರ.

ಕಾಲವನ್ನ ಭಾಗ ಮಾಡೋದೂ ಅವರ ಲೆಕ್ಕದಲ್ಲೇ ಮಾಡಿ. ಆರಿದ್ರಾ ಜೂನ್ 21-22ಕ್ಕೆ ಹುಟ್ಟುತ್ತೆ, ಆಶ್ಲೇಷ ಆಗಸ್ಟ್ 3ರ ಹತ್ರ, ಮಘೆ 16-17ಕ್ಕೆ. ಮಳೆ ನಕ್ಷತ್ರ ಅಂದ್ರೆ ಸೂರ್ಯ ಆ ನಕ್ಷತ್ರದಲ್ಲಿರೋ ಹದಿಮೂರು ಹದಿನಾಲ್ಕು ದಿನ, ಹಾಗಾಗಿ ಪ್ರತಿ ವರ್ಷ ಹೆಚ್ಚುಕಮ್ಮಿ ಅದೇ ತಾರೀಕು, ಕಂಪ್ಯೂಟರಲ್ಲಿ ಹಾಕೋಕೆ ಏನೂ ತೊಂದ್ರೆ ಇಲ್ಲ. ಜೂನ್ ಜುಲೈ ಅಂತ ತಿಂಗಳ ಸರಾಸರಿ ತೆಗೆದ್ರೆ ಮೃಗಶಿರ ಮತ್ತೆ ಆರಿದ್ರಾ ಒಂದರಲ್ಲೊಂದು ಕಲಸಿ ಹೋಗುತ್ತೆ, ನಾಟಿ ಲೆಕ್ಕ ಹಾಕೋ ರೈತನಿಗೆ ಅವೆರಡೂ ಪೂರ್ತಿ ಬೇರೆ ಮಳೆ.

ಹಟ್ಟಿಹೊಳೆ ಕಡೆಯವ:

ಮೇಲಿನವರ ಮಾತು ಸರಿ ಇದೆ, ಆದ್ರೆ ನಾನು ಒಂದು ಆಕ್ಷೇಪ ಹೇಳ್ಲೇಬೇಕು. ಹಿರಿಯರು ಹೇಳಿದ್ದೆಲ್ಲ ಒಂದೇ ತೂಕದ್ದಲ್ಲ. 2018 ಆಗಸ್ಟ್ 15, 16, 17ರಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಜೋಡುಪಾಲ, ಮೊಣ್ಣಂಗೇರಿ ಕಡೆ ಗುಡ್ಡ ಗುಡ್ಡವೇ ಜರಿದಾಗ ನಮ್ಮಲ್ಲಿ ಯಾವ ಹಿರಿಯರ ನೆನಪಲ್ಲೂ ಅಂಥದ್ದು ಇರ್ಲಿಲ್ಲ. ಇಲ್ಲಿ ಏನೂ ಆಗಲ್ಲ, ನಮ್ಮ ಅಪ್ಪ ಅಜ್ಜ ಎಲ್ಲ ಇಲ್ಲೇ ಇದ್ದೋರು ಅಂತ ಹೇಳಿ ಮನೆ ಬಿಡದೇ ಇದ್ದೋರನ್ನ ನಾನು ನೋಡಿದೀನಿ. ಆಮೇಲೆ ಕೇಳಿದ್ರೆ ಎಲ್ರೂ, ನಮಗೆ ಮೊದಲೇ ಗೊತ್ತಿತ್ತು, ಊಟೆ ಒಡೆದಿತ್ತು, ನೀರು ಕೆಂಪಾಗಿತ್ತು ಅಂತಾರೆ. ಸುಳ್ಳು ಹೇಳ್ತಾರೆ ಅಂತಲ್ಲ, ಅಷ್ಟು ದೊಡ್ಡ ದುಃಖ ಆದಮೇಲೆ ನೆನಪು ಅದರ ಸುತ್ತಾನೇ ಜೋಡಿಸ್ಕೊಳ್ಳುತ್ತೆ. ನೀವು ಈಗ ಹೋಗಿ ಮೊದಲು ಮಳೆ ಹೇಗಿತ್ತು ಅಂತ ಕೇಳಿದ್ರೆ ಎಲ್ಲ ಉತ್ತರದಲ್ಲೂ 2018 ಸೇರಿರುತ್ತೆ.

ಅದಕ್ಕೇ ನಿಮ್ಮ ಅಜ್ಜನ ಪುಸ್ತಕ ಬೆಲೆಬಾಳೋದು. "ಬರೆ ಮೇಲೆ ಹೊಸ ಊಟೆ ಒಡೆದಿದೆ, ನೀರು ಕೆಂಪು" ಅಂತ ಅವರು ಬರೆದಿದ್ದು ಅವತ್ತೇ, ಮುಂದೆ ಏನಾಗುತ್ತೆ ಅಂತ ಗೊತ್ತಿಲ್ದೇ. ಅಂಥ ಸಾಲು ಎಲ್ಲೆಲ್ಲಿ ಇದೆ, ಅದರ ಹಿಂದಿನ ಮೂರು, ಐದು, ಹತ್ತು ದಿನದಲ್ಲಿ ಎಷ್ಟು ಮಳೆ ಬಿದ್ದಿತ್ತು, ಆಮೇಲೆ ಬರೆ ಕುಸಿದಿತ್ತಾ ಇಲ್ವಾ ಅಂತ ಜೋಡಿಸಿದ್ರೆ ನಮ್ಮಂಥ ಇಳಿಜಾರಲ್ಲಿ ಇರೋರಿಗೆ ನಿಜವಾಗ್ಲೂ ಉಪಯೋಗ ಆಗುತ್ತೆ. ಊಟೆ ಒಡೆದು ಏನೂ ಆಗದೇ ಇದ್ದ ವರ್ಷಗಳನ್ನೂ ಬಿಡದೆ ಹಾಕಿ, ಅದಿಲ್ದೇ ಇದ್ರೆ ಲೆಕ್ಕ ಬರೀ ಹೆದರಿಸೋಕೆ ಆಗುತ್ತೆ. ಮತ್ತೆ ರಸ್ತೆಗೆ, ಮನೆಗೆ, ಹೋಂಸ್ಟೇಗೆ ಬರೆ ಕಡಿದಿದ್ದು ಯಾವ ವರ್ಷ ಅನ್ನೋದನ್ನೂ ಪಕ್ಕದಲ್ಲಿ ಬರ್ಕೊಳ್ಳಿ. ಹಿರಿಯರ ಅನುಭವ ಕಡಿಯದ ಬರೆಯ ಬಗ್ಗೆ, ಈಗಿರೋದು ಬುಡ ಕಡಿದ ಬರೆ. 2018ರ ಕುಸಿತಗಳಿಗೆ ಮಳೆ ಜೊತೆ ಇಳಿಜಾರು ಕಡಿದಿದ್ದೂ ಕಾರಣ ಅಂತ ಭೂವಿಜ್ಞಾನಿಗಳೇ ಹೇಳಿದ್ರು.

ಸಂದರ್ಶನ ಮಾಡೋವಾಗ ಇಸವಿ ಕೇಳ್ಬೇಡಿ, ಯಾರಿಗೂ ನೆನಪಿರಲ್ಲ. ಬ್ರೆಜಿಲಲ್ಲಿ ಹಿಮ ಬಿದ್ದು ಕಾಫಿ ರೇಟ್ ಒಂದೇ ಸಲ ಏರ್ತಲ್ಲ ಆ ವರ್ಷ ಮಳೆ ಹೇಗಿತ್ತು ಅಂತ ಕೇಳಿ, ಅದು 1994. ಜೇನು ಪೆಟ್ಟಿಗೆ ಎಲ್ಲ ಖಾಲಿ ಆಯ್ತಲ್ಲ ಅದಕ್ಕೆ ಮುಂಚೆನಾ ಆಮೇಲಾ ಅಂತ ಕೇಳಿ, ಅದು 1991-92. ಕೊಡಗಲ್ಲಿ ಈ ಎರಡು ಗುರುತು ಹಿಡ್ಕೊಂಡ್ರೆ ಬೇಕಾದಷ್ಟು ಮಾತು ಸರಿಯಾದ ಜಾಗಕ್ಕೆ ಬಂದು ಕೂರುತ್ತೆ.

ತಿತಿಮತಿ ಹಾಡಿಯವಳು:

ಅಕ್ಕ, ನಿಮ್ಮ ಕೊನೆ ಪ್ರಶ್ನೆಗೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ, ನಾನು ಕೊಡ್ತೀನಿ. ನಾವು ಜೇನುಕುರುಬರು. ಹಾಕ್ಬೇಡಿ. ಜೇನು ಕೂರೋ ಮರದ ಜಿಪಿಎಸ್ ಒಂದು ಸಲ ಮ್ಯಾಪಿಗೆ ಹೋದ್ರೆ ಅದನ್ನ ವಾಪಸ್ ತಗೊಳ್ಳೋಕೆ ಆಗಲ್ಲ. ಒಂದೇ ಮರಕ್ಕೆ ವರ್ಷ ವರ್ಷ ಹೆಜ್ಜೇನು ಬಂದು ಕೂರುತ್ತೆ, ಅದನ್ನ ಪೂರ್ತಿ ಕಿತ್ಕೊಂಡು ಹೋಗದೇ ಉಳಿಸಿ ತೆಗೆಯೋ ಕ್ರಮ ಇದೆ, ಮ್ಯಾಪ್ ನೋಡ್ಕೊಂಡು ಬರೋನಿಗೆ ಆ ಕ್ರಮ ಗೊತ್ತಿರಲ್ಲ. ಆ ಅಜ್ಜಿ ನಿಮ್ಮನ್ನ ನಂಬಿ ತೋರಿಸಿದ್ದು ನಿಮಗೆ, ಇಡೀ ಲೋಕಕ್ಕಲ್ಲ.

ಹಾಗಂತ ಅವರ ತಿಳುವಳಿಕೆ ಬಿಟ್ಬಿಡಿ ಅಂತಾನೂ ನಾನು ಹೇಳಲ್ಲ. ಬಿಟ್ರೆ ಏನಾಗುತ್ತೆ ಅಂತ ಕಾಡಲ್ಲೇ ನೋಡ್ತಿದೀವಿ. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ಮೊದಲು ತರಗು ಬೆಂಕಿ ಹಾಕ್ತಿದ್ರು, ಬೇಸಿಗೆ ಶುರುವಲ್ಲಿ ನೆಲದ ತರಗೆಲೆ ಮಾತ್ರ ಸುಡೋ ಸಣ್ಣ ಬೆಂಕಿ. 1974ರಲ್ಲಿ ಅಭಯಾರಣ್ಯ ಆದಮೇಲೆ ಅದು ನಿಂತ್ಹೋಯ್ತು. ಅದು ನಿಂತಿದ್ದಕ್ಕೇ ಲಾಂಟಾನ ಕಳೆ ಹೀಗೆ ಹಬ್ಬಿದ್ದು ಅಂತ ಸೋಲಿಗರು ಹೇಳ್ತಾನೇ ಬಂದ್ರು. ಸಂಶೋಧಕರು ಅವರ ಜೊತೆ ಕೂತು ಆ ಮಾತನ್ನ ಕಾಡಿನ ಹಳೇ ಅಳತೆಗಳ ಪಕ್ಕ ಇಟ್ಟು ನೋಡಿ 2012ರಲ್ಲಿ ಪೇಪರ್ ಬರೆದಿದಾರೆ. ನೆಲ್ಲಿ ಮರಕ್ಕೆ ಹತ್ತೋ ಬಂದಳಿಕೆ ಬಗ್ಗೆನೂ ಹಾಗೇ, ಕಾಯಿ ಕೊಯ್ಯೋರೇ ಮೊದಲು ಗಮನಿಸಿದ್ದು. ಸೋಲಿಗರಿಗೆ 2011ರಲ್ಲಿ ಸಮುದಾಯ ಅರಣ್ಯ ಹಕ್ಕು ಸಿಕ್ತು, ಅದಕ್ಕೇ ಅಲ್ಲಿ ಮಾತಾಡೋಕೆ ಒಂದು ನೆಲೆ ಇದೆ. ನಾಗರಹೊಳೆಯಿಂದ ನಮ್ಮವರನ್ನ ಹೊರಗೆ ಕಳಿಸೋಕೆ ಶುರು ಮಾಡಿದ್ದು 70ರ ದಶಕದಲ್ಲಿ. ಕಾಡಿಂದ ದೂರ ಹೋಗಿ ತೋಟದ ಕೆಲಸದವರ ಲೈನ್‌ಮನೇಲಿ ಹುಟ್ಟಿದ ಮಗು ಜೇನು ಹಾಡು ಕಲೀಬಹುದು, ಯಾವ ಹೂವಿಗೆ ಯಾವ ರುಚಿ ಅಂತ ಕಾಡಿಗೆ ಹೋಗದೆ ಕಲಿಯೋಕಾಗಲ್ಲ. ನಿಮ್ಮ ಪ್ರಾಜೆಕ್ಟಲ್ಲಿ ತಿಳುವಳಿಕೆ ಕಮ್ಮಿ ಆಗಿದೆ ಅಂತ ಬರೆಯೋದಾದ್ರೆ ಯಾಕೆ ಕಮ್ಮಿ ಆಯ್ತು ಅಂತಾನೂ ಬರೀರಿ.

ತೋಟದವರಿಗೂ ಇದು ಸಂಬಂಧ ಇರೋ ವಿಷಯ. ಪೊನ್ನಂಪೇಟೆ ಅರಣ್ಯ ಕಾಲೇಜಿನವರೂ ಸೇರಿ ಮಾಡಿದ, 2012ರಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿ ಕೊಡಗಿನ ರೊಬಸ್ಟಾ ಹೂವಿಗೆ ಪರಾಗ ಮುಟ್ಟಿಸೋದ್ರಲ್ಲಿ ಹೆಜ್ಜೇನೇ ಮುಖ್ಯ ಅಂತ ಬಂದಿದೆ. ಆ ಹೆಜ್ಜೇನು ಯಾವಾಗ ಬರುತ್ತೆ, ಯಾವ ಮರದಲ್ಲಿ ಕೂರುತ್ತೆ, ಯಾವಾಗ ಎದ್ದು ಹೋಗುತ್ತೆ ಅಂತ ನಮ್ಮ ಹಿರಿಯರ ಹತ್ರ ಇರೋ ಲೆಕ್ಕ, ತೋಟದವರ ಪುಸ್ತಕದ ಹೂ ಮಳೆ ಲೆಕ್ಕ, ಎರಡನ್ನೂ ಒಂದು ಹಾಳೆಗೆ ತಂದೋರು ನನಗಂತೂ ಸಿಕ್ಕಿಲ್ಲ.

ಮಾಡೋ ರೀತಿ ಹೇಳ್ತೀನಿ. 2019ರಲ್ಲಿ ಮೂಲನಿವಾಸಿಗಳ ಡೇಟಾ ಬಗ್ಗೆ ಕೇರ್ ಅಂತ ನಾಲ್ಕು ತತ್ವ ಬಂತು, ಸಮುದಾಯಕ್ಕೂ ಲಾಭ ಇರ್ಬೇಕು, ಹಿಡಿತ ಅವರ ಕೈಲಿರ್ಬೇಕು, ಸಂಶೋಧಕರಿಗೆ ಜವಾಬ್ದಾರಿ ಇರ್ಬೇಕು, ನೀತಿ ಬಿಡ್ಬಾರ್ದು ಅಂತ. ನೀವು ಎರಡು ಪುಸ್ತಕ ಇಡಿ. ಒಂದರಲ್ಲಿ ಜಾಗ, ಮರ, ಮದ್ದು, ಅದು ಆ ಮನೆಯವರ ಹತ್ರಾನೇ ಇರ್ಲಿ. ಇನ್ನೊಂದರಲ್ಲಿ ಯಾವ ತಿಂಗಳು ಯಾವ ಹೂ, ಜೇನು ಮುಂಚೆ ಬಂತಾ ತಡವಾಯ್ತಾ ಅನ್ನೋದು, ಊರಿನ ಹೆಸರು ಮಟ್ಟಕ್ಕೆ ಮಾತ್ರ, ಅದು ನಿಮ್ಮ ಪ್ರಾಜೆಕ್ಟಿಗೆ ಸಾಕು. ಬರೆದಾದ ಮೇಲೆ ಅವರ ಎದುರಿಗೆ ಕೂತು ಓದಿ ಹೇಳಿ, ಬೇಡ ಅಂದಿದ್ದನ್ನ ತೆಗೀರಿ. ಮದ್ದಿನ ವಿಷಯದಲ್ಲಂತೂ ಇನ್ನೂ ಹುಷಾರು. ಕೇರಳದ ಕಾಣಿ ಜನ 1987ರಲ್ಲಿ ಕಾಡಲ್ಲಿ ಆಯಾಸ ಆಗದ ಹಾಗೆ ತಿನ್ನೋ ಒಂದು ಕಾಯಿನ ವಿಜ್ಞಾನಿಗಳಿಗೆ ತೋರಿಸಿದ್ರು, ಆರೋಗ್ಯಪಚ್ಚ ಅಂತ, ಅದರಿಂದ ಔಷಧಿ ಬಂತು, ಅಲ್ಲಿನ ಸಂಸ್ಥೆ ಲೈಸೆನ್ಸ್ ದುಡ್ಡು ಮತ್ತೆ ರಾಯಲ್ಟಿಯಲ್ಲಿ ಅರ್ಧ ಕಾಣಿಗಳಿಗೆ ಅಂತ ಒಪ್ಕೊಳ್ತು. ಅಂಥ ಒಪ್ಪಂದ ಎಲ್ಲ ಕಡೆ ಆಗಲ್ಲ.

ಪೊನ್ನಂಪೇಟೆಯಿಂದ:

ಚಿಕ್ಕದಾಗಿ ಒಂದು ಸೇರಿಸ್ತೀನಿ. ದೇವರಕಾಡನ್ನ ಮರೀಬೇಡಿ. ಕೊಡಗಲ್ಲಿ 1,214 ದೇವರಕಾಡು ದಾಖಲೆಯಲ್ಲಿದೆ, 1905ರಲ್ಲಿ 15,506 ಎಕರೆ ಇದ್ದಿದ್ದು 1985ಕ್ಕೆ 6,299 ಎಕರೆಗೆ ಬಂತು. ಈ ಅಂಕಿ ಎಲ್ಲ ಕಡೆ ಓಡಾಡುತ್ತೆ, ಆದ್ರೆ ಯಾವ ಕಾಡು ಎಲ್ಲಿವರೆಗಿತ್ತು, ಯಾವ ಮರ ಮುಟ್ತಿರ್ಲಿಲ್ಲ, ಹಬ್ಬದ ಕಟ್ಟು, ಅಂದ್ರೆ ಹಬ್ಬಕ್ಕೆ ಊರಿಗೆ ಬೀಳೋ ನಿಷೇಧ, ಯಾವಾಗಿನಿಂದ ಯಾವಾಗಿನವರೆಗೆ ಅನ್ನೋದು ತಕ್ಕರಿಗೆ, ಅಂದ್ರೆ ಊರಿನ ಮುಖ್ಯಸ್ಥರಿಗೆ, ಮತ್ತೆ ಊರಿನ ಹಿರಿಯರಿಗೆ ಗೊತ್ತು. ಕಟ್ಟು ಬಿದ್ದ ದಿನಗಳನ್ನ ನಿಮ್ಮ ಮಳೆ ಹಾಳೆಯಲ್ಲಿ ಒಂದು ಕಾಲಂ ಮಾಡಿ ಹಾಕಿ. ಪುತ್ತರಿ ದಿನ ಪಾಡಿ ಇಗ್ಗುತಪ್ಪನ ಸನ್ನಿಧಿಯಲ್ಲೇ ಗೊತ್ತಾಗೋದು, ನಿಮ್ಮೂರೇ ಅದು, ಗದ್ದೆ ಕೊಯ್ಲು ಆ ದಿನಕ್ಕೆ ಎಷ್ಟು ಹೊಂದುತ್ತೆ ಈಗ, ಪೈರು ಮುಂಚೆ ಆಗ್ತಿದ್ಯಾ ತಡ ಆಗ್ತಿದ್ಯಾ, ಕೇಳಿ ನೋಡಿ.

ಕಕ್ಕಬ್ಬೆಯವಳು:

ಎಲ್ರಿಗೂ ತುಂಬಾ ತುಂಬಾ ಥ್ಯಾಂಕ್ಸ್, ಇಷ್ಟು ವಿವರವಾಗಿ ಬರೀತೀರ ಅಂದ್ಕೊಂಡಿರ್ಲಿಲ್ಲ. ಮ್ಯಾಪ್ ಹಾಕಲ್ಲ, ಅದು ತೀರ್ಮಾನ ಆಯ್ತು. ಅಜ್ಜಿಗೆ ಓದಿ ಹೇಳೋಕೆ ಮುಂದಿನ ವಾರ ಹೋಗ್ತೀನಿ. ಮೋಡಲೆಕ್ಕ ಸರ್, ನೀವು ಹೇಳಿದ ಹಾಗೆ ಅಜ್ಜ ಬರೆದ ವರ್ಷಗಳಿಗೆ ಮಾತ್ರ ಕಕ್ಕಡದ ಮಳೆ ಸರಣಿ ಎಣಿಸೋಕೆ ಶುರು ಮಾಡಿದೆ, ಗೈಡ್‌ಗೂ ಬೇಕರ್ ಲೇಕ್ ಪೇಪರ್ ಕಳಿಸಿದೆ, ಓದ್ತೀನಿ ಅಂದಿದಾರೆ. ಒಂದು ಡೌಟ್: ಮಳೆ ದಿನ ಅಂದ್ರೆ ಎಷ್ಟಕ್ಕೆ ಮೇಲೆ ಇರ್ಬೇಕು? ಪುಸ್ತಕದಲ್ಲಿ 0.02, 0.05 ಅಂತೆಲ್ಲ ಇದೆ.

ಮೋಡಲೆಕ್ಕ:

ಹವಾಮಾನ ಇಲಾಖೆ ಲೆಕ್ಕದಲ್ಲಿ 2.5 ಮಿಲಿಮೀಟರ್, ಅಂದ್ರೆ ನಿಮ್ಮ ಪುಸ್ತಕದಲ್ಲಿ 0.10. ಅದರಲ್ಲಿ ಒಂದು ಸಲ ಎಣಿಸಿ. ಆಮೇಲೆ ಹಿರಿಯರನ್ನೇ ಕೇಳಿ, ಎಷ್ಟಕ್ಕಿಂತ ಕಮ್ಮಿ ಬಿದ್ರೆ ನೀವು ಮಳೆ ಬಿಟ್ಟಿದೆ ಅಂತೀರಿ ಅಂತ, ಕಕ್ಕಡದಲ್ಲಿ 10 ಸೆಂಟನ್ನ ಯಾರೂ ಮಳೆ ಅಂತ ಕರೆಯಲ್ಲ ಅನ್ಸುತ್ತೆ. ಆ ಮಿತಿ ಇಟ್ಕೊಂಡು ಇನ್ನೊಂದು ಸಲ ಎಣಿಸಿ. ಎರಡೂ ಟೇಬಲ್ ಪ್ರಾಜೆಕ್ಟಲ್ಲಿ ಪಕ್ಕಪಕ್ಕ ಹಾಕಿ.

ಸುಂಟಿಕೊಪ್ಪ ತೋಟದವ:

ನನ್ನ ಹತ್ರಾನೂ ಪುಸ್ತಕ ಇದೆ ತಂಗಿ, ನಮ್ಮ ಪಕ್ಕದ ಎರಡು ತೋಟದಲ್ಲೂ ಇದೆ. ನಮ್ಮ ಕಡೆ ಮಳೆ ನಿಮ್ಮಷ್ಟಿಲ್ಲ, ಹೋಲಿಸೋಕೆ ಆಗುತ್ತೆ. ಕಾಫಿ ಕುಯ್ಲು ಮುಗಿದ್ಮೇಲೆ ಬಾ, ಕೂತು ಫೋಟೋ ತೆಗೆಯೋಣ, ಗ್ಲಾಸ್ ಯಾವುದಿತ್ತು ಅಂತ ಹಳೇ ರೈಟರನ್ನೂ ಕರೆಸ್ತೀನಿ.